ನಾಲ್ಕರ ಪಟ್ಟಿ

ಕಬ್ಬಿಣ ಮುಟ್ಟದೆ ಕಬ್ಬಿಣದ ಪಾಠ ಹೇಳುವುದರಲ್ಲಿ ಉಟಗಿಯ ಸಿದ್ದಾರೂಢನಿಗೆ ಹದಿನಾಲ್ಕು ವರ್ಷದ ಅನುಭವ. ದಿನಾ ಬೆಳಿಗ್ಗೆ ಎಸ್‌ಟಿ ಬಸ್ಸು ಹತ್ತಿ ತಾಲೂಕು ಊರಾದ ಜತ್ತಿಗೆ ಹೋಗುತ್ತಾನೆ, ಅಲ್ಲಿನ ಒಂದು ಖಾಸಗಿ ಡಿಪ್ಲೊಮಾ ಕಾಲೇಜಿನ ಕಂಪ್ಯೂಟರ್ ಕೋಣೆಯ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಕೂರುತ್ತಾನೆ, ಸಂಜೆ ಕೈಗೆ ಒಂದು ಚುಕ್ಕೆ ಗ್ರೀಸೂ ಹತ್ತದೆ ಮನೆಗೆ ಬರುತ್ತಾನೆ. ಕಲಿಸುವುದು ಮೆಕ್ಯಾನಿಕಲ್ ಇಂಜಿನಿಯರಿಂಗ್. ಹೆಂಡತಿ ನಂದಾ ಬಟ್ಟೆ ಒಗೆಯುವಾಗ ಒಮ್ಮೊಮ್ಮೆ ಹೇಳುತ್ತಿದ್ದಳು, "ನಿಮ್ಮ ಅಂಗಿ ಸಾಲಿ ಹೆಡ್‌ಮಾಸ್ತರ ಅಂಗಿಕಿಂತ ಬೆಳ್ಳಗ ಇರ್ತಾವ್ರಿ." ಹೊಗಳಿದಳೋ ಚುಚ್ಚಿದಳೋ ಎಂದು ಅವನು ಕೇಳಲು ಹೋಗಿರಲಿಲ್ಲ. ಕೇಳಿದರೆ ಅವಳು ಹೇಳಿಬಿಡುತ್ತಿದ್ದಳು.

ಅವನ ವಿದ್ಯೆ ಕಷ್ಟದ್ದೇನಲ್ಲ. ಪರದೆಯ ಮೇಲೆ ಮೊದಲು ಚಪ್ಪಟೆಯಾಗಿ ಗೆರೆ ಎಳೆಯಬೇಕು, ಅದು ಸ್ಕೆಚ್. ಆ ಗೆರೆಗೆ ದಪ್ಪ ಕೊಟ್ಟು ಎಳೆದರೆ ಅದು ಪೆಟ್ಟಿಗೆಯೋ ಕೊಳವೆಯೋ ಕೊಂಡಿಯೋ ಆಗಿ ಎದ್ದು ನಿಲ್ಲುತ್ತದೆ. ಹೀಗೆ ಎದ್ದು ನಿಂತ ಗಟ್ಟಿ ವಸ್ತುವನ್ನು ಸಾವಿರಾರು ಸಣ್ಣ ತುಂಡುಗಳಾಗಿ ಒಡೆದು ಹೆಣೆಯುವುದಕ್ಕೆ ಮೆಶ್ ಎನ್ನುತ್ತಾರೆ. ಆಮೇಲೆ ಭಾರ ಹೇರಿದರೆ ಯಾವ ತುಂಡಿಗೆ ಎಷ್ಟು ಒತ್ತಡ ಬಿತ್ತು ಎಂದು ಕಂಪ್ಯೂಟರ್ ಲೆಕ್ಕ ಹಾಕಿ, ಆರಾಮಾಗಿರುವ ಕಡೆ ನೀಲಿ, ಕಷ್ಟದಲ್ಲಿರುವ ಕಡೆ ಕೆಂಪು ಬಣ್ಣ ತೋರಿಸುತ್ತದೆ. ವಸ್ತು ಮುರಿಯುವ ಮೊದಲೇ ಎಲ್ಲಿ ಮುರಿಯುತ್ತದೆಂದು ಹೇಳುವ ವಿದ್ಯೆ ಎಂದು ಸಿದ್ದಾರೂಢ ಪ್ರತಿ ವರ್ಷ ಮೊದಲ ತರಗತಿಯಲ್ಲಿ ಗಂಟಲು ಸರಿಮಾಡಿಕೊಂಡು ಹೇಳುತ್ತಿದ್ದ.

ಊರಿನವರಿಗೆ ಇದನ್ನು ಹೇಳಲು ಹೋಗಿ ಒಮ್ಮೆ ಪೇಚಿಗೆ ಬಿದ್ದಿದ್ದ. ದಿನಾ ಜತ್ತಿಗೆ ಹೋಗಿ ಏನು ಮಾಡುತ್ತೀರಿ ಎಂದು ಬಸ್ಸಿನಲ್ಲಿ ಯಾರೋ ಕೇಳಿದ್ದಕ್ಕೆ, ಮೆಶ್ ಅಂದರೆ ಜಾಲರಿ, ಜಾಳಿ ತಾನೆ ಎಂದುಕೊಂಡು, "ಜಾಳಿ ಹಾಕತೀನ್ರಿ" ಎಂದುಬಿಟ್ಟ. ಮರುವಾರ ಬಾಲಗಾಂವದಿಂದ ದ್ರಾಕ್ಷಿ ತೋಟದವರು ಇಬ್ಬರು ಮನೆಗೆ ಬಂದು ಚಹಾ ಕುಡಿದು, ತಮ್ಮ ಮಣೂಕ ಒಣಗಿಸುವ ಒಣದ್ರಾಕ್ಷಿ ಶೆಡ್ಡಿಗೆ ಹನ್ನೊಂದು ಅಂತಸ್ತಿನ ಜಾಳಿ ಬೇಕು, ಲಗೂನ ಆಗಬೇಕು ಎಂದರು. ಅವರನ್ನು ಬೀಳ್ಕೊಡಲು ಇನ್ನೆರಡು ಸಲ ಚಹಾ ಮಾಡಬೇಕಾಯಿತು.

ನಗುವ ಮಾತು ಬಿಟ್ಟರೆ ಅವನ ಎದೆಯಲ್ಲಿ ಒಂದು ನೋವಿತ್ತು. ಹದಿನಾಲ್ಕು ವರ್ಷದಲ್ಲಿ ಅವನು ಕೊಂಡಿ, ಗಾಲಿ, ಬ್ರಾಕೆಟ್ಟು, ಕ್ರೇನಿನ ಹುಕ್ಕು ಅಂತ ಸಾವಿರಗಟ್ಟಲೆ ವಸ್ತು ಬರೆದಿದ್ದ. ಒಂದೂ ಕಬ್ಬಿಣವಾಗಿರಲಿಲ್ಲ. ಪರೀಕ್ಷೆ ಮುಗಿದ ಮೇಲೆ ಕಂಪ್ಯೂಟರಿನಲ್ಲಿ ಜಾಗ ಬೇಕೆಂದು ಎಲ್ಲವನ್ನೂ ಅಳಿಸುತ್ತಿದ್ದರು, ಅಳಿಸುವ ಕೆಲಸವೂ ಅವನದೇ. ತಾನು ಬರೆದ ಒಂದಾದರೂ ವಸ್ತು ಕೈಗೆ ಭಾರವಾಗಿ ಸಿಗಬೇಕು, ಬಿದ್ದರೆ ಠಣ್ ಎನ್ನಬೇಕು ಎಂದು ಅವನಿಗೆ ಆಸೆ. ಈ ಆಸೆಯನ್ನು ಯಾರಿಗೂ ಹೇಳಿರಲಿಲ್ಲ, ನಂದಾಳಿಗೆ ಮಾತ್ರ ಹೇಳದೆಯೇ ಗೊತ್ತಿತ್ತು.

ಹಾಗಿರುವಾಗ ಉಟಗಿಯ ಹೊರಗೆ ಹೊಲದ ಮನೆಗಳ ನಡುವಿನ ವಸ್ತಿ ಶಾಲೆಗೆ ಒಂದು ಜೋಕಾಲಿ ಬಂತು. ಮಾಡಿದವನು ಭರಮಣ್ಣ. ಬಸ್ ಸ್ಟ್ಯಾಂಡಿನ ಬದಿಗೆ ತಗಡಿನ ಶೆಡ್ಡು ಹಾಕಿಕೊಂಡು ಮೂವತ್ತು ವರ್ಷದಿಂದ ವೆಲ್ಡಿಂಗ್ ಮಾಡುವವನು. ಊರಿನ ಅರ್ಧ ಗೇಟು, ಮುಕ್ಕಾಲು ಮಂಚ, ಟ್ರ್ಯಾಕ್ಟರ್ ಟ್ರಾಲಿಯ ಕೊಂಡಿ ಎಲ್ಲ ಅವನ ಕೈಯವೇ. ಮಾತು ಕಡಿಮೆ. ಶಾಲಾ ಸಮಿತಿಯ ಅಧ್ಯಕ್ಷೆ ಯಲ್ಲವ್ವ, ಇನ್ನೂರು ಕುರಿಯ ಒಡತಿ, ತಲೆ ಎಣಿಸದೆ ಕುರಿದಡ್ಡಿಯ ಬಾಗಿಲು ಹಾಕದ ಹೆಂಗಸು. ಹುಡುಗರನ್ನು ಜೋಕಾಲಿ ಹತ್ತಿಸುವ ಮೊದಲು ಓದಿದವರೊಬ್ಬರು ನೋಡಲಿ ಎಂದು ಅವಳೇ ಸಿದ್ದಾರೂಢನಿಗೆ ಹೇಳಿ ಕಳಿಸಿದಳು.

ಅವನು ಇಸ್ತ್ರಿ ಅಂಗಿ ಹಾಕಿಕೊಂಡು, ಮಿಲಿಮೀಟರಿನ ಹತ್ತರಲ್ಲಿ ಒಂದು ಪಾಲನ್ನೂ ಅಳೆಯುವ ವರ್ನಿಯರ್ ಮಾಪಕವನ್ನು ಡಬ್ಬಿಯ ಸಮೇತ ಹಿಡಿದುಕೊಂಡು ಹೋದ. ಮೇಲಿನ ಅಡ್ಡ ಕೊಳವೆಗೆ ಎರಡು ಕಬ್ಬಿಣದ ಪಟ್ಟಿ ಬೆಸೆದು, ಕಾಟಕೋನಕ್ಕೆ, ಅಂದರೆ L ಆಕಾರಕ್ಕೆ ಬಗ್ಗಿಸಿ, ಅವುಗಳ ತುದಿಗೆ ಸರಪಳಿ ತೂಗುಬಿಡಲಾಗಿತ್ತು. ಭಾರವೆಲ್ಲ ಆ ಪಟ್ಟಿಯ ಮೂಲೆಯ ಮೇಲೆ. ಅಳೆಯಬೇಕಾದರೆ ಏಣಿ ಹತ್ತಬೇಕು. ಏಣಿ ಅಲ್ಲೇ ಇತ್ತು. ಸಿದ್ದಾರೂಢ ಏಣಿಯನ್ನು ನೋಡಿದ, ತನ್ನ ಹೊಟ್ಟೆಯನ್ನು ನೋಡಿಕೊಂಡ, ಕೆಳಗೇ ನಿಂತು ಮುಂದಿನಿಂದ ಫೋಟೋ ತೆಗೆದುಕೊಂಡ. ಪಟ್ಟಿಯ ದಪ್ಪ ಮುಂದಿನಿಂದ ಕಾಣುವುದಿಲ್ಲ ಎನ್ನುವುದು ಆಗ ಹೊಳೆಯಲಿಲ್ಲ.

"ಕಾಕಾ, ಪಟ್ಟಿ ಎಷ್ಟರದ್ದು?" ಎಂದು ಪಕ್ಕದಲ್ಲಿ ನಿಂತಿದ್ದ ಭರಮಣ್ಣನನ್ನು ಕೇಳಿದ.

"ನಾಕರದ್ರೀ," ಎಂದ ಭರಮಣ್ಣ.

ಸಿದ್ದಾರೂಢ ವಹಿಯಲ್ಲಿ 4 ಎಂದು ಬರೆದುಕೊಂಡು, ಪಕ್ಕದಲ್ಲಿ ಮುತ್ತು ಜೋಡಿಸಿದ ಹಾಗೆ mm ಎಂದು ಸೇರಿಸಿದ. ವರ್ನಿಯರ್ ಡಬ್ಬಿಯಿಂದ ಹೊರಗೆ ಬರಲೇ ಇಲ್ಲ.

ಭಾನುವಾರ ಮಧ್ಯಾಹ್ನ ಊಟ ಮಾಡಿ ಲ್ಯಾಪ್‌ಟಾಪಿನ ಮುಂದೆ ಕುಳಿತ. ಪಟ್ಟಿ ಬರೆದ, ನಾಲ್ಕು ಮಿಲಿಮೀಟರ್ ದಪ್ಪ ಕೊಟ್ಟ, ಒಳ ಮೂಲೆಯನ್ನು ಚೂಪಾಗಿ ಬಿಟ್ಟ. ಅಲ್ಲಿ ದುಂಡಗೆ ಗೋಲಾಯಿ ಕೊಡಬಹುದಿತ್ತು, ಆದರೆ ಅದಕ್ಕೆ ಇನ್ನೂ ಐದು ಗುಂಡಿ ಒತ್ತಬೇಕು, ಊಟವಾದ ಮೇಲೆ ಅಷ್ಟು ಯಾರು ಒತ್ತುತ್ತಾರೆ. ಮೆಶ್ ಹಾಕಿ, ಇಬ್ಬರು ಹುಡುಗರ ಭಾರ ಹೇರಿ ಲೆಕ್ಕಕ್ಕೆ ಬಿಟ್ಟ. ಲ್ಯಾಪ್‌ಟಾಪಿನ ಪಂಖಾ ಗುರ್ ಎಂದಿತು. ಪರದೆಯ ಮೇಲೆ ಮೂಲೆ ಕೆಂಪಗೆ ಬಂತು.

ಮೊದಲು ಅವನಿಗೆ ಹುಡುಗರಿಗೇನಾಗುತ್ತದೋ ಎಂಬ ಭಯ. ಅದನ್ನು ಅವನ ಪರವಾಗಿ ಹೇಳಲೇಬೇಕು. ಆದರೆ ಭಯದ ಹಿಂದೆಯೇ ಇನ್ನೊಂದು ಬಂತು, ಅದಕ್ಕೆ ಹೆಸರಿಟ್ಟರೆ ಸಂತೋಷವೆಂದೇ ಇಡಬೇಕು. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಅವನ ಲೆಕ್ಕ ಒಬ್ಬರಿಗೆ ಬೇಕಾಗಿತ್ತು. ಖಾತ್ರಿ ಮಾಡಿಕೊಳ್ಳಲು ಮೂಲೆಯಲ್ಲಿ ಮೆಶ್ಶನ್ನು ಇನ್ನೂ ಸಣ್ಣದು ಮಾಡಿದ. ಇನ್ನೂ ಕೆಂಪಾಯಿತು. ಮತ್ತೂ ಸಣ್ಣದು ಮಾಡಿದ, ಮತ್ತೂ ಕೆಂಪಾಯಿತು. ಹುಡುಕಿದಷ್ಟೂ ಅಪಾಯ ಸಿಗುತ್ತಿದೆಯಲ್ಲ ಎಂದು ತನ್ನ ಬುದ್ಧಿಗೆ ತಾನೇ ಬೆರಗಾದ. ಸೋಮವಾರ ಜತ್ತಿನಲ್ಲಿ ಕಲರ್ ಪ್ರಿಂಟು ತೆಗೆಸಿದ.

ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಸಮಿತಿ ಕೂಡಿತು. ಸಿದ್ದಾರೂಢ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದ, ಪ್ರಿಂಟು ಹಂಚಿದ. ಭರಮಣ್ಣ ಬಾಗಿಲ ಹತ್ತಿರ ಕೂತಿದ್ದ.

"ಇದು ನಮ್ಮ ದಡ್ಡಿಗಿ ಸುತ್ತೋ ಜಾಳಗಿ ಇದ್ದಂಗ ಐತಲ್ರಿ ಮಾಸ್ತರ," ಎಂದಳು ಯಲ್ಲವ್ವ.

"ಹಂಗೇ ತಿಳ್ಕೊರಿ ಯಲ್ಲವ್ವಾರ. ಇದು ಕಬ್ಬಣದ ಜಾಳಿ."

"ಕೆಂಪಗ ಐತಲ್ಲ, ಅದೇನು?"

"ಅಲ್ಲಿ ಮುರೀತದ."

"ಯಾವಾಗ?"

ಈ ಪ್ರಶ್ನೆ ಪಠ್ಯದಲ್ಲಿರಲಿಲ್ಲ. "ಇವತ್ತಲ್ಲಾಂದ್ರ ನಾಳಿ," ಎಂದುಬಿಟ್ಟ ಸಿದ್ದಾರೂಢ.

ಬಾಗಿಲ ಕಡೆಯಿಂದ ಭರಮಣ್ಣ ನಿಧಾನವಾಗಿ ಹೇಳಿದ, "ನಾಕರ ಪಟ್ಟಿ ಹಾಕೀನ್ರೀ ನಾ."

"ಅದನ್ನ ನಾನೂ ಹೇಳಾಕತ್ತೀನಿ ಕಾಕಾ. ನಾಕು ಸಾಲಂಗಿಲ್ಲ. ಕಡಿಮಿ ಅಂದ್ರ ಹತ್ತರದ್ದು ಬೇಕು."

"ಹತ್ತರದ್ದು?" ಭರಮಣ್ಣ ಅವನನ್ನೇ ನೋಡಿದ. "ಹತ್ತರದ್ದು ಹಾಕಿದ್ರ ಹುಡಗೋರ್ನ ಅಲ್ಲ, ಆನಿ ಕುಂದ್ರಸಬೇಕಾಗ್ತೈತ್ರಿ."

ನಾಲ್ಕು ಜನ ನಕ್ಕರು. ಓದಿಲ್ಲದವರು ಶಾಸ್ತ್ರವನ್ನು ಕಂಡು ನಗುತ್ತಾರೆ, ಇದು ಎಲ್ಲ ಕಾಲಕ್ಕೂ ನಡೆದದ್ದೇ ಎಂದು ಸಿದ್ದಾರೂಢ ದೊಡ್ಡ ಮನಸ್ಸಿನಿಂದ ಕ್ಷಮಿಸಿದ. ಯಲ್ಲವ್ವ ಮಾತ್ರ ನಗಲಿಲ್ಲ. ಎದ್ದು ಹೋಗಿ ಕುರಿ ಕಟ್ಟುವ ಹಗ್ಗದಿಂದ ಜೋಕಾಲಿಯ ಹಲಗೆಯನ್ನು ಕಂಬಕ್ಕೆ ಬಿಗಿದು ಮೂರು ಗಂಟು ಹಾಕಿದಳು. ಭರಮಣ್ಣ ತನ್ನ ಪಾಲಿನ ಪ್ರಿಂಟನ್ನು ನಾಲ್ಕು ಮಡಿಕೆ ಮಾಡಿ ಕಿಸೆಗೆ ಹಾಕಿಕೊಂಡು ಹೊರಟುಹೋದ.

ಮುಂದಿನ ಮೂರು ವಾರ ಸಿದ್ದಾರೂಢನಿಗೆ ಊರಲ್ಲಿ ಮಾನವೋ ಮಾನ. ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟರು. ಫೋನಿಗೆ ಗೇಟಿನ ಫೋಟೋ, ಮಂಚದ ಫೋಟೋ ಬರತೊಡಗಿದವು: "ಮಾಸ್ತರ್ರ, ಇದೂ ಕೆಂಪೇನ್ರಿ? ಭರಮಣ್ಣ ಮಾಡಿದ್ದು." ಅವನು ಗಂಭೀರವಾಗಿ, "ನೋಡಬೇಕು" ಎಂದು ಉತ್ತರ ಹಾಕುತ್ತಿದ್ದ. ಕರಜಗಿಯ ಟ್ರಾಲಿಯವನೊಬ್ಬ ಭರಮಣ್ಣನಿಗೆ ಕೊಟ್ಟಿದ್ದ ಕೆಲಸ ವಾಪಸು ತೆಗೆದುಕೊಂಡು ಬೇರೆ ಊರಿಗೆ ಒಯ್ದ. ಬೆಳಿಗ್ಗೆ ಬಸ್ಸಿಗೆ ನಿಂತಾಗ ಎದುರಿನ ತಗಡಿನ ಶೆಡ್ಡಿನಲ್ಲಿ ಕಿಡಿ ಹಾರುವುದು ಕಡಿಮೆಯಾದದ್ದನ್ನು ಸಿದ್ದಾರೂಢ ನೋಡಿದ. ನೋಡಿ, ಕಿಟಕಿಯ ಇನ್ನೊಂದು ಬದಿಗೆ ಕೂರುವುದನ್ನು ರೂಢಿ ಮಾಡಿಕೊಂಡ.

ನಾಲ್ಕನೇ ವಾರ ಮನೆಯ ಆಡಿನ ಕೊಟ್ಟಿಗೆಯ ಬಾಗಿಲು ಸಡಿಲಾಯಿತು. "ಮೂರರ ಬೋಲ್ಟ ನಾಕ ತರ್ರಿ," ಎಂದು ನಂದಾ ಹೇಳಿದಳು. ಸಿದ್ದಾರೂಢ ದುಂಡಪ್ಪನ ಹಾರ್ಡ್‌ವೇರ್ ಅಂಗಡಿಗೆ ಹೋಗಿ, "ಮೂರು ಎಂಎಂ ಬೋಲ್ಟ್ ನಾಕ ಕೊಡ್ರಿ" ಎಂದ. ದುಂಡಪ್ಪ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡು, ಒಳಗೆ ಹೋಗಿ ಬಹಳ ಹೊತ್ತು ಹುಡುಕಿ, ಮಿಕ್ಸರ್ ರಿಪೇರಿಯ ಡಬ್ಬಿಯಿಂದ ನಾಲ್ಕು ತೆಗೆದು ಕಾಗದದಲ್ಲಿ ಕಟ್ಟಿಕೊಟ್ಟ. ಕೊಡುವಾಗ ಅವನ ಮುಖದಲ್ಲಿ ಕನಿಕರವಿತ್ತು.

ನಂದಾ ಪೊಟ್ಟಣ ಬಿಚ್ಚಿ ಅಂಗೈ ಮೇಲೆ ಸುರಿದುಕೊಂಡಳು. "ಇವನ್ನ ಬಾಗಲಕ್ಕ ಹಚ್ಚಲ್ಯೋ, ಮೂಗಿಗಿ ಹಚ್ಚಕೊಳ್ಳಲ್ಯೋ?"

"ನೀನ ಮೂರಂದಿ."

"ಮೂರಂದ್ರ ಮೂರ ಸೂತ್ರೀ. ಕಬ್ಬಣದಾಗ ಯಾರ ಎಂಎಂ ಅಂತಾರ ನಮ್ಮೂರಾಗ? ಎಂಟ ಸೂತಿಗಿ ಒಂದ ಇಂಚು. ಇಂಜಿನಿಯರಗ ನಾ ಹೇಳಬೇಕೇನು?"

ಸೂತ ಅವನಿಗೆ ಗೊತ್ತಿಲ್ಲದ್ದೇನಲ್ಲ. ಡಿಪ್ಲೊಮಾ ಕಲಿಯುವಾಗ ಕಾರ್ಯಶಾಲೆಯ ಮೇಸ್ತ್ರಿ ಸೂತ ಬಿಟ್ಟು ಬೇರೆ ಮಾತೇ ಆಡುತ್ತಿರಲಿಲ್ಲ. ಹದಿನಾಲ್ಕು ವರ್ಷ ಪರದೆಯ ಮುಂದೆ ಕೂತು ಅದನ್ನು ಮರೆತಿದ್ದ. ಈಗ ಗೊತ್ತಿದ್ದದ್ದನ್ನೇ ಮತ್ತೆ ಕೇಳಿದ, "ಹಂಗಾರ ನಾಕರದ್ದಂದ್ರ?"

"ಅರ್ಧ ಇಂಚು," ಎಂದಳು ನಂದಾ, ಆಡಿನ ಮರಿಯನ್ನು ಒಳಗೆ ದೂಡುತ್ತ.

ಸಿದ್ದಾರೂಢ ಲ್ಯಾಪ್‌ಟಾಪ್ ತೆರೆದು ನಾಲ್ಕು ಇದ್ದಲ್ಲಿ ಹನ್ನೆರಡು ಚಿಲ್ಲರೆ ಎಂದು ತಿದ್ದಿದ. ಒತ್ತಡ ಹತ್ತರಲ್ಲಿ ಒಂದು ಪಾಲಿಗೆ ಇಳಿದು ಪಟ್ಟಿ ಪೂರ್ತಿ ನೀಲಿಯಾಯಿತು. ಫೋಟೋ ದೊಡ್ಡದು ಮಾಡಿ ನೋಡಿದ. ದಪ್ಪ ಕಾಣದಿದ್ದರೂ ಒಳ ಮೂಲೆ ಕಾಣುತ್ತಿತ್ತು, ಭರಮಣ್ಣನ ಪಟ್ಟಿಯಲ್ಲಿ ಅದು ಚೂಪಾಗಿರಲೇ ಇಲ್ಲ. ಅಲ್ಲಿ ವೆಲ್ಡಿಂಗ್ ತುಂಬಿ, ಕಾನಸು ಎನ್ನುವ ಅರದಿಂದ ಉಜ್ಜಿ ಬೆರಳು ಓಡಾಡುವ ಹಾಗೆ ಗೋಲ ಮಾಡಿದ್ದ. ಚೂಪು ಮೂಲೆಯಲ್ಲಿ ಮೆಶ್ ಸಣ್ಣದು ಮಾಡಿದಷ್ಟೂ ಲೆಕ್ಕ ಏರುತ್ತಲೇ ಹೋಗುತ್ತದೆ, ಅದಕ್ಕೆ ಕೊನೆಯಿಲ್ಲ, ಆ ಕೆಂಪನ್ನು ನಂಬಬಾರದು. ಇದನ್ನು ಸಿದ್ದಾರೂಢನೇ ಪ್ರತಿ ವರ್ಷ ಕಲಿಸುತ್ತಿದ್ದ. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರುತ್ತಿತ್ತು, ತಪ್ಪು ಬರೆದವರಿಗೆ ಅವನು ಸೊನ್ನೆ ಕೊಡುತ್ತಿದ್ದ.

ಮೂರು ದಿನ ಅವನು ಮರ್ಯಾದೆ ಉಳಿಯುವ ದಾರಿ ಹುಡುಕಿದ. ಸಾಫ್ಟ್‌ವೇರಿನ ಹೊಸ ಆವೃತ್ತಿ ಬಂದಿದೆ, ಅದರಲ್ಲಿ ಉತ್ತರ ಬೇರೆ ಬರುತ್ತದೆ ಎನ್ನಬಹುದು. ತಾನು ಹೇಳಿದ್ದು ಮುನ್ನೆಚ್ಚರಿಕೆಯ ಮಾತಷ್ಟೇ ಎನ್ನಬಹುದು. ಒಂದು ಸಣ್ಣ ಪಟ್ಟಿ ಜಾಸ್ತಿ ಬೆಸೆಸಿ ಈಗ ಸರಿಯಾಯಿತು ಎಂದುಬಿಟ್ಟರೆ ಇಬ್ಬರಿಗೂ ಸಮಾಧಾನ, ಮಾಸ್ತರನ ಮಾತೂ ಉಳಿಯುತ್ತದೆ. ಈ ಮೂರನೆಯದು ಅವನಿಗೆ ಬಹಳ ಹಿಡಿಸಿತು. ನಂದಾಳಿಗೆ ಹೇಳಿದ.

"ಮತ್ತ ಭರಮಣ್ಣಕಾಕಾ ಮಾಡಿದ್ದು ಮುರೀತಿತ್ತು ಅನ್ನೂದು ಹಂಗ ಉಳೀತು," ಎಂದಳು ಅವಳು. "ಮುರೀತದ ಅಂದಿದ್ರಿ. ಮುರಿಯಂಗಿಲ್ಲ, ನಂದ ತಪ್ಪು ಅನ್ರಿ. ಅದಕ್ಕ ಇಷ್ಟ ಯಾಕ ಒದ್ದಾಡಾಕತ್ತೀರಿ?"

ಮರುದಿನ ಅವನು ಕಾಲೇಜಿಗೆ ರಜೆ ಹಾಕಿ ತಗಡಿನ ಶೆಡ್ಡಿಗೆ ಹೋದ. ಭರಮಣ್ಣ ಒಂದು ಹಳೆಯ ಕುರ್ಚಿಯ ಕಾಲು ಬೆಸೆಯುತ್ತಿದ್ದ. ಶೆಡ್ಡಿನಲ್ಲಿ ಬೇರೆ ಕೆಲಸವೇನೂ ಕಾಣಲಿಲ್ಲ.

"ಬರ್ರಿ ಮಾಸ್ತರ್ರ, ಕುಂದ್ರಿ."

ಸಿದ್ದಾರೂಢ ಕೂರಲಿಲ್ಲ. "ಕಾಕಾ, ನಾ ತಪ್ಪ ಮಾಡೀನಿ. ನೀವ ಸೂತಿನ್ಯಾಗ ಹೇಳಿದ್ರಿ, ನಾ ಎಂಎಂ ಅಂತ ಬರಕೊಂಡೆ."

ಭರಮಣ್ಣ ಕಣ್ಣಿನ ಕರೀ ಕನ್ನಡಕ ತೆಗೆದ. ಸಿಟ್ಟಾಗಲಿಲ್ಲ, ಅದೇ ಕಷ್ಟವಾಯಿತು. "ನನ್ನ ಮುಂದ ಯಾಕ ಹೇಳ್ತೀರಿ?" ಎಂದ. "ನನಗ ಗೊತ್ತೈತಿ ನಾ ಏನ ಹಾಕೀನಂತ. ನೀವ ಮಾತ ಆಡಿದ್ದು ಸಾಲ್ಯಾಗ, ಎಲ್ಲಾರ ಮುಂದ."

ಹಾಗಾಗಿ ಶನಿವಾರ ಮತ್ತೆ ಸಮಿತಿ ಕೂಡಿತು. ಈ ಸಲ ಲ್ಯಾಪ್‌ಟಾಪ್ ಇರಲಿಲ್ಲ. ಸಿದ್ದಾರೂಢ ಎದ್ದು ನಿಂತು ಗಂಟಲು ಸರಿಮಾಡಿಕೊಂಡ, ಸರಿಹೋಗಲಿಲ್ಲ, ಹಾಗೇ ಹೇಳಿದ. ಸೂತ ಮತ್ತು ಎಂಎಂ ಅದಲುಬದಲಾದದ್ದನ್ನು ಹೇಳಿದ. ಏಣಿ ಹತ್ತದೆ ಕೆಳಗೆ ನಿಂತು ಕೇಳಿದ್ದನ್ನು ಹೇಳಿದ. ಡಬ್ಬಿಯೊಳಗೇ ಉಳಿದ ವರ್ನಿಯರನ್ನು ಎತ್ತಿ ತೋರಿಸಿದ. ಮೂಗುತಿಯಂಥ ಬೋಲ್ಟಿನ ಸಂಗತಿಯನ್ನೂ ಬಿಡಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕರು. ಈ ನಗು ತನಗೆ ಸಲ್ಲಬೇಕಾದದ್ದೇ ಎಂದು ಅವನಿಗೆ ಗೊತ್ತಿತ್ತು, ಆದರೂ ಕಿವಿ ಬಿಸಿಯಾದವು.

"ಭರಮಣ್ಣಕಾಕಾ ಮಾಡಿದ್ದು ಮುರಿಯಂಗಿಲ್ಲ. ಊರಾಗ ಅವರ ಮಾಡಿದ ಯಾವದೂ ಕೆಂಪಿಲ್ಲ. ಕೆಂಪ ಆಗಿದ್ದು ನನ್ನ ವಹಿ," ಎಂದು ಮುಗಿಸಿದ.

ಯಲ್ಲವ್ವ ನಕ್ಕಿರಲಿಲ್ಲ. "ಮಾಸ್ತರ, ಅವತ್ತ ಮುರೀತದ ಅಂದಾಗೂ ಇಷ್ಟ ಗಟ್ಟಿ ಅಂದಿದ್ರಿ," ಎಂದಳು. "ಯಾವದನ್ನ ನಂಬೂಣು?"

ಇದಕ್ಕೆ ಯಾವ ಪ್ರಿಂಟೂ ಉತ್ತರವಲ್ಲ ಎಂದು ಸಿದ್ದಾರೂಢನಿಗೆ ಅರ್ಥವಾಯಿತು. ಅಂಗಳಕ್ಕೆ ನಡೆದು ಕುರಿಹಗ್ಗದ ಮೂರು ಗಂಟು ಬಿಚ್ಚಿದ. ಬಿಚ್ಚಲು ಬಹಳ ಹೊತ್ತು ಹಿಡಿಯಿತು, ಯಾರೂ ಕೈ ಹಚ್ಚಲಿಲ್ಲ. ತನ್ನ ಎಂಬತ್ತಾರು ಕಿಲೋ ಭಾರವನ್ನು ಹಲಗೆಯ ಮೇಲೆ ಇಳಿಸಿ, ಸರಪಳಿ ಹಿಡಿದು, ಕಾಲಿನಿಂದ ನೆಲ ಒದ್ದು ಜೀಕಿದ. ಇಸ್ತ್ರಿ ಅಂಗಿಯ ಬೆನ್ನಿನ ಹೊಲಿಗೆ ಬಿಚ್ಚಿತು. ಪಟ್ಟಿಗೆ ಏನೂ ಆಗಲಿಲ್ಲ. ಲೆಕ್ಕ ನೀಲಿಯೆಂದು ಗೊತ್ತಿದ್ದೂ ಪ್ರತಿ ಸಲ ಮೇಲೆ ಹೋದಾಗ ಅವನಿಗೆ ಹೆದರಿಕೆಯಾಯಿತು. ತನ್ನ ಒಂದು ಮಾತಿನಿಂದ ಊರಿನವರು ನಾಲ್ಕು ವಾರ ಇದೇ ಹೆದರಿಕೆಯಲ್ಲಿ ಭರಮಣ್ಣನ ಮಂಚದ ಮೇಲೆ ಮಲಗಿದ್ದರು ಎಂದು ಮೇಲೆ ಕೆಳಗೆ ತೂಗುತ್ತಲೇ ಅವನಿಗೆ ಹೊಳೆಯಿತು.

"ಸಾಕ್ ಇಳೀರಿ," ಎಂದಳು ಯಲ್ಲವ್ವ ಕೊನೆಗೆ. "ಹುಡಗೋರ ಕಾಯಾಕತ್ತಾರ."

ಎಲ್ಲರೂ ಚದುರಿದ ಮೇಲೆ ಭರಮಣ್ಣ ಅವನನ್ನು ಶೆಡ್ಡಿಗೆ ಕರೆದುಕೊಂಡು ಹೋದ. ಮೂಲೆಯಲ್ಲಿದ್ದ ಗೋಣಿಚೀಲ ಬಿಚ್ಚಿ ಒಂದು ಕಬ್ಬಿಣದ ತುಂಡು ಹೊರಗೆ ತೆಗೆದ. ಕಾಟಕೋನಕ್ಕೆ ಬಗ್ಗಿಸಿದ ತೆಳ್ಳನೆಯ ಪಟ್ಟಿ, ಒಳ ಮೂಲೆಗೆ ಸರಿಯಾಗಿ ಬಿರಿದು ಜೋತುಬಿದ್ದಿತ್ತು. ಅದರ ಜೊತೆಗೆ ನಾಲ್ಕು ಮಡಿಕೆಯ ಕಲರ್ ಪ್ರಿಂಟು.

"ನಾಕ ಎಂಎಂ ಪಟ್ಟಿ ಇಲ್ಲಿ ಸಿಗಂಗಿಲ್ರಿ. ಜತ್ತಿನಿಂದ ತರಸೀನಿ," ಎಂದ ಭರಮಣ್ಣ. "ನೀವ ಬರದಂಗ ಮಾಡೀನಿ. ಮೂಲಿ ಚೂಪ ಬರದಿದ್ರಿ, ಚೂಪ ಇಟ್ಟೀನಿ. ಭಾರ ಕಟ್ಟಿ ತೂಗಬಿಟ್ಟಿದ್ದೆ. ಮೂರನೇ ದಿನಕ್ಕ ಹೋತು. ನೋಡ್ರಿ, ನೀವ ಕೆಂಪ ಹಚ್ಚಿದಲ್ಲೇ."

ಸಿದ್ದಾರೂಢ ಪ್ರಿಂಟಿನ ಮಡಿಕೆ ಬಿಚ್ಚಿದ. "ಹಂಗಾರ ನಿಮಗ ಮೊದಲ ಗೊತ್ತಿತ್ತು?"

"ಚಿತ್ರದ ಬುಡಕ್ಕ ನಾಕ ಎಂಎಂ ಅಂತ ನೀವೇ ಬರದೀರಲ್ರಿ. ಅವತ್ತೇ ನೋಡೀನಿ."

"ಮತ್ತ ಹೇಳಬಾರದಿತ್ತೇನು ಕಾಕಾ? ನಾಕ ವಾರ ಸುಮ್ಮ ಕುಂತ್ರಲ್ಲ?"

"ನಾ ಹೇಳಿದ್ರ ತಪ್ಪ ಮುಚ್ಚಾಕ ನೆವಾ ತಗೀತಾನ ಅಂತಿದ್ರು. ನೀವ ಹೇಳೂಮಟ ಕಾಯಬೇಕಾಗಿತ್ತು," ಎಂದ ಭರಮಣ್ಣ. ತುಂಡನ್ನು ಅವನ ಕೈಗೆ ಇಟ್ಟ. "ನಿಮ್ಮ ಲೆಕ್ಕ ಸುಳ್ಳಲ್ರಿ ಮಾಸ್ತರ್ರ. ನೀವ ಬರದದ್ದು ಮುರೀತೈತಿ. ನಾ ಮಾಡಿದ್ದು ಮುರಿಯಂಗಿಲ್ಲ. ಒಯ್ಯಿರಿ, ಇದು ನಿಮ್ದು."

ಸಿದ್ದಾರೂಢ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಸಣ್ಣ ತುಂಡಾದರೂ ಭಾರವಿತ್ತು. ನಾಚಿಕೆಯಿಂದ ಅವನಿಗೆ ತಲೆ ಎತ್ತಲಾಗಲಿಲ್ಲ, ನಾಚಿಕೆಯ ಜೊತೆಗೇ ಕಣ್ಣಲ್ಲಿ ನೀರು ತರಿಸುವಷ್ಟು ಸಂತೋಷವೂ ಆಯಿತು, ಎರಡರಲ್ಲಿ ಯಾವುದನ್ನು ಮೊದಲು ಒರೆಸಿಕೊಳ್ಳಬೇಕೆಂದು ತಿಳಿಯಲಿಲ್ಲ. ಹೊರಗೆ ಬರುವಾಗ ಕೈ ಜಾರಿ ಅದು ಹೊಸ್ತಿಲ ಕಲ್ಲಿನ ಮೇಲೆ ಬಿತ್ತು. ಠಣ್ ಎಂದಿತು.

ಈಗ ಅದು ಜತ್ತಿನ ಕಂಪ್ಯೂಟರ್ ಕೋಣೆಯಲ್ಲಿ ಅವನ ಮೇಜಿನ ಮೇಲಿದೆ. ಹೊಸದಾಗಿ ಬಂದ ಹುಡುಗರು ಇದನ್ನು ಯಾರು ಮಾಡಿದ್ದು ಸರ್ ಎಂದು ಕೇಳಿದರೆ, ಮಾಡಿದ್ದು ಭರಮಣ್ಣ, ಮುರಿದದ್ದು ನಾನು ಎಂದು ಹೇಳಿ, ಅಟೆಂಡೆನ್ಸ್ ತೆಗೆದುಕೊಳ್ಳುತ್ತಾನೆ.